ಕೋಟೆಯಿಂದ ಹಾರಿದ ನಾಯಕ

ಕೂತ್ಕೊಳ್ರವ್ವ, ಕಾಲು ಚಾಚಿಕೊಂಡು ಕೇಳಿ. ಕೋಟೆಯ ಒಡೆಯ ಬೊಮ್ಮನಾಯಕನಿಗೆ ಕವಡೆ ಕಥೆಯಾಟದ ಹುಚ್ಚು. ಆಳು ಸಣ್ಣೀರವ್ವ ಕಥೆ ಕಟ್ಟಬೇಕು, ಕಥೆಯೊಳಗಿನ ವೀರ ನಾಯಕನೇ. ನಾಯಕ ಗೆಲ್ಲಬೇಕಾದರೆ ಕವಡೆಯಲ್ಲಿ ಗರ, ಅಂದರೆ ಗೆಲುವಿನ ಎಸೆತ, ಬೀಳಬೇಕು, ಕೇಳಿದವರು ನಂಬಲೂ ಬೇಕು. ತಾನು ಸೋತರೆ ಸೆರೆಯಲ್ಲಿರುವ ಅವಳ ಗಂಡನನ್ನು ಬಿಡುತ್ತೇನೆಂದು ಸಭೆಯಲ್ಲೇ ಮಾತು ಕೊಟ್ಟಿದ್ದ.

ಕಥೆಯಲ್ಲಿ ವೈರಿಗಳು ಮುತ್ತಿದರು. ಕೋಟೆಯ ಮೇಲಿಂದ ಹಾರಿದೆ ಎನ್ನುತ್ತಾ ನಾಯಕ ಕವಡೆ ಎಸೆದ. ಗರ ಬಿತ್ತು.

"ನನ್ನ ಕೂದಲೂ ಕೊಂಕಲಿಲ್ಲ!" ಎಂದ.

"ಇದನ್ನ ಯಾರು ನಂಬ್ತಾರೆ, ಒಡೆಯಾ?" ಎಂದಳು ಸಣ್ಣೀರವ್ವ.

"ನಾವು ನಂಬ್ತೀವಿ!" ಎಂದರು ಹೊಗಳುಭಟರು.

"ಹಂಗಾದ್ರೆ ಏಳ್ರಪ್ಪ, ಕೋಟೆ ಇಲ್ಲೇ ಐತೆ. ಕವಡೆ ತಗೊಳ್ಳಿ, ಗರ ಹಾಕಿ ಹಾರಿ."

ಒಬ್ಬನೂ ಏಳಲಿಲ್ಲ. ನಾಯಕನ ಮುಖ ಸುಟ್ಟ ಬದನೆಕಾಯಿ.

ನಾಯಕ ಸೋತ. ಕೊಟ್ಟ ಮಾತಿನಂತೆ ಅವಳ ಗಂಡನನ್ನು ಬಿಟ್ಟರು, ಆದರೆ ಸೆರೆಯ ಕತ್ತಲಲ್ಲಿ ಕೊಳೆತು ಅವನ ಕಣ್ಣು ಹೋಗಿತ್ತು. ಸಣ್ಣೀರವ್ವ ಕೈಹಿಡಿದು ಕರೆದೊಯ್ದಳು. ಹೊಗಳುಭಟರಿಗೆ ಹೋಳಿಗೆ ತಪ್ಪಲಿಲ್ಲ. ನಾಯಕ ಸಾಯೋವರೆಗೂ ತಾನೇ ಕಥೆ ಕಟ್ಟಿ, ತಾನೇ ಕವಡೆ ಎಸೆದು, ತಾನೇ ನಂಬಿ ಗೆಲ್ಲುತ್ತಿದ್ದ.