ಕಾಡುಬೆಕ್ಕು ಸಾಕಿದ ಮೀಸೆಮೀನುಗಳು

ಒಂದು ಕಾಡಿನಲ್ಲಿ ಒಂದು ಕೆರೆ ಇತ್ತು. ಕೆರೆಯ ತುಂಬ ನೀರಿತ್ತು, ದಡದ ತುಂಬ ಗಾಳ ಹಿಡಿದ ಪ್ರಾಣಿಗಳಿದ್ದವು. ಮೀನು ಮಾತ್ರ ಒಂದೂ ಇರಲಿಲ್ಲ! ಇದ್ದಬದ್ದ ಮೀನನ್ನೆಲ್ಲ ಹಿಂದಿನ ವರ್ಷವೇ ಎಲ್ಲರೂ ಸೇರಿ ತಿಂದು ಮುಗಿಸಿದ್ದರು. ಆದರೂ ಕರಡಿ ದುಂಡಣ್ಣ ದಿನಾ ಬಂದು ಗಾಳ ಹಾಕುತ್ತಿದ್ದ. ಸಂಜೆಯ ಹೊತ್ತಿಗೆ ಗಾಳದಲ್ಲಿದ್ದ ಎರೆಹುಳುವಿಗೇ ಆಕಳಿಕೆ ಬರುತ್ತಿತ್ತು.

ನೋಡಿದವರೆಲ್ಲ ನಗುತ್ತಿದ್ದರು. ಪಾಪ, ನೀರುನಾಯಿ ಬೋರಕ್ಕನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳಿಗೆ ಪುಟ್ಟ ಪುಟ್ಟ ಮರಿಗಳು. ಮೀನು ಬಿಟ್ಟು ಬೇರೇನನ್ನೂ ಮೂಸಿಯೂ ನೋಡದ ಮರಿಗಳು.

"ಮಳೆಗಾಲದ ಹೊತ್ತಿಗೂ ಇಲ್ಲಿ ಮೀನಾಗದಿದ್ದರೆ ನಾನು ಮರಿಗಳನ್ನ ಕರಕೊಂಡು ಹೊಳೆಗೆ ಹೋಗಬೇಕು. ಹೊಳೆಯಲ್ಲಿ ಮೊಸಳೆ ಇದೆ ದುಂಡಣ್ಣ," ಎಂದು ಅವಳು ಕಣ್ಣೀರು ಹಾಕಿದಳು.

ಕರಡಿ ಗಾಳ ಬದಿಗಿಟ್ಟು ದಡದಲ್ಲಿದ್ದವರನ್ನೆಲ್ಲ ಕೂಗಿದ. "ಗುಡ್ಡದಾಚೆ ಮಡುವಿನಲ್ಲಿ ಮೀಸೆಮೀನಿನ ಮರಿಗಳಿವೆಯಂತೆ. ತಂದು ಕೆರೆಗೆ ಬಿಡೋಣ. ಬೆಳೆಯೋವರೆಗೂ ಯಾರೂ ಗಾಳ ಮುಟ್ಟಬಾರದು. ಬೆಳೆದ ಮೇಲೆ ದಿನಕ್ಕೆ ತಲೆಗೊಂದೇ ಮೀನು. ಏನಂತೀರಿ?"

ಬಾಲ ಇದ್ದವರೆಲ್ಲ ಬಾಲ ಬಡಿದು ಒಪ್ಪಿದರು.

ಆಗ ಕಾಡುಬೆಕ್ಕು ಸಿಂಗಾರಪ್ಪ ಮೀಸೆ ತಿರುವುತ್ತ ಮುಂದೆ ಬಂದ. "ತರೋ ಕೆಲಸಕ್ಕೆ ನಾನೂ ಬರ್ತೀನಿ. ಅವಕ್ಕೂ ಮೀಸೆ, ನನಗೂ ಮೀಸೆ. ಒಂದೇ ಮನೆತನ! ನೆಂಟರನ್ನ ಹೂವಿನ ಹಾಗೆ ಕರಕೊಂಡು ಬರ್ತೀನಿ."

"ಅಯ್ಯೋ, ನಿಮಗೆ ನೆಂಟಸ್ತನ ಇದೆ ಅಂತ ಗೊತ್ತೇ ಇರಲಿಲ್ಲ!" ಎಂದು ದುಂಡಣ್ಣ ಖುಷಿಪಟ್ಟ. ಅವನು ಹಾಗೇ, ಹೇಳಿದ್ದನ್ನೆಲ್ಲ ನಂಬುವವನು.

ಇಬ್ಬರೂ ಹೋಗಿ ಸೋರೆಬುರುಡೆಗಳಲ್ಲಿ ನೀರು ತುಂಬಿ, ಮರಿಗಳನ್ನು ಹಿಡಿದು ಬಿಟ್ಟುಕೊಂಡರು. ವಾಪಸು ಬರುವಾಗ ಬಿಸಿಲು ನೆತ್ತಿ ಸುಡುತ್ತಿತ್ತು.

"ನೀನು ಸ್ವಲ್ಪ ಮಲಕ್ಕೋ ದುಂಡಣ್ಣ, ನೆಂಟರನ್ನ ನಾನು ಕಾಯ್ತೀನಿ," ಎಂದ ಸಿಂಗಾರಪ್ಪ. ದುಂಡಣ್ಣ ಮರಕ್ಕೆ ಬೆನ್ನು ಕೊಟ್ಟನೋ ಇಲ್ಲವೋ, ಗೊರಕೆ ಶುರು!

ಸಿಂಗಾರಪ್ಪನ ಮನೆ ಅಲ್ಲೇ ಹತ್ತಿರದ ಪೊದೆಯಲ್ಲಿತ್ತು. ಮನೆಯ ಹಿಂದೆ ಒಂದು ನೀರಿನ ಗುಂಡಿ, ಗುಂಡಿಯ ತುಂಬ ಕಪ್ಪೆಯ ಗೊದಮೊಟ್ಟೆಗಳು. ಆ ಕಳ್ಳ, ಮೀನಿನ ಮರಿಗಳನ್ನೆಲ್ಲ ಗುಂಡಿಗೆ ಹಾಕಿಕೊಂಡ. ಗೊದಮೊಟ್ಟೆಗಳನ್ನು ಬುರುಡೆಗಳಿಗೆ ತುಂಬಿದ. "ತಲೆಗೊಂದಂತೆ! ಎಲ್ಲಾ ಮೀನೂ ನನ್ನೊಬ್ಬನ ತಲೆಗೇ!" ಎಂದು ಕುಣಿದು, ದುಂಡಣ್ಣನನ್ನು ಎಬ್ಬಿಸಿಕೊಂಡು ಕೆರೆಗೆ ಬಂದ.

ಮೀನು ಬಿಡುವ ಪದ್ಧತಿ ಬೋರಕ್ಕನಿಗೆ ಗೊತ್ತಿತ್ತು. ಬುರುಡೆಗಳನ್ನು ಮೊದಲು ಕೆರೆಯ ನೀರಿನಲ್ಲಿ ತೇಲಿಬಿಟ್ಟಳು. ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬರಬೇಕು, ಇಲ್ಲದಿದ್ದರೆ ಮರಿಗಳು ಬದುಕುವುದಿಲ್ಲ. ಆಮೇಲೆ ಮೆಲ್ಲಗೆ ಬಾಗಿಸಿದಳು. ಕಪ್ಪು ಮರಿಗಳು ಬಾಲ ಅಲ್ಲಾಡಿಸುತ್ತ ಓಡಿದವು.

"ಸಿಂಗಾರಪ್ಪ, ಮೀಸೆ ಕಾಣ್ತಾ ಇಲ್ಲವಲ್ಲ?"

"ಹಸುಗೂಸಿಗೆ ಮೀಸೆ ಬರುತ್ತಾ ಬೋರಕ್ಕ? ಪ್ರಾಯಕ್ಕೆ ಬಂದ ಮೇಲೆ ತಾನೇ!"

ಇದ್ದರೂ ಇರಬಹುದು ಎಂದುಕೊಂಡಳು ಬೋರಕ್ಕ.

ಬೇಸಿಗೆಯೆಲ್ಲ ಸಿಂಗಾರಪ್ಪನಿಗೆ ಉಸಿರಾಡಲೂ ಬಿಡುವಿಲ್ಲ. ಮೀಸೆಮೀನುಗಳ ಹೊಟ್ಟೆಗೆ ತಳವೇ ಇರಲಿಲ್ಲ! ಇಲಿ ಹಿಡಿದು ಹಾಕಿದ, ಮಿಡತೆ ಹಾಕಿದ, ಗೆದ್ದಲು ಹಾಕಿದ. ಕೊನೆಗೆ ತನ್ನ ಊಟವನ್ನೂ ಹಾಕಿದ. ಮೀನುಗಳು ಒನಕೆಯಷ್ಟು ದಪ್ಪಗಾದವು, ಸಿಂಗಾರಪ್ಪ ಕಡ್ಡಿಯಾದ. "ಇನ್ನೂ ಸ್ವಲ್ಪ ಕೊಬ್ಬಲಿ, ಆಮೇಲೆ ತಿಂತೀನಿ," ಎಂದು ಬಾಯಿ ಚಪ್ಪರಿಸಿಕೊಂಡು ಹಸಿದೇ ಮಲಗುತ್ತಿದ್ದ.

ಗಾಳ ಹಾಕುವ ದಿನ ಬಂತು. ಕಾಡಿಗೆ ಕಾಡೇ ದಡದಲ್ಲಿ ಸಾಲಾಗಿ ಕೂತಿತು. ದುಂಡಣ್ಣನ ಗಾಳ ಜಗ್ಗಿತು. "ಬಿತ್ತು! ಬಿತ್ತು!" ಎಂದು ಕುಣಿಯುತ್ತ ಎಳೆದ. ಎರೆಹುಳು ಕಚ್ಚಿಕೊಂಡು ನೇತಾಡುತ್ತಿದ್ದದ್ದು ಒಂದು ಕಪ್ಪೆ!

"ಊಟಕ್ಕೆ ಕೂತವರನ್ನ ಹೀಗಾ ಎಳೆಯೋದು? ಮಾನ ಮರ್ಯಾದೆ ಇಲ್ಲವಾ?" ಎಂದು ಬೈದು ಕಪ್ಪೆ ನೀರಿಗೆ ಹಾರಿತು.

ಪಕ್ಕದ ಗಾಳಕ್ಕೂ ಕಪ್ಪೆ. ಅದರಾಚೆಯ ಗಾಳಕ್ಕೂ ಕಪ್ಪೆ. ಕೆರೆಯೆಲ್ಲ ವಟವಟ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೋರಕ್ಕನ ಮುಖ ನೋಡಿ ಗಾಳ ಸುತ್ತಿಟ್ಟರು. ಅವಳು ಮರಿಗಳ ಮೈ ನೆಕ್ಕಿ, ಹೊಳೆಗೆ ಹೊರಡಿಸುತ್ತಿದ್ದಳು.

ಅಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು.

ಮೀಸೆಮೀನುಗಳ ಒಂದು ವಿದ್ಯೆ ಸಿಂಗಾರಪ್ಪನಿಗೆ ಗೊತ್ತಿರಲಿಲ್ಲ. ನೆಲ ಒದ್ದೆಯಾದರೆ ಅವು ಎದೆಯ ಈಜುರೆಕ್ಕೆ ಊರಿಕೊಂಡು ನಡೆದುಬಿಡುತ್ತವೆ! ಬಂದವು ನೋಡಿ, ಮದುವೆ ದಿಬ್ಬಣದ ಹಾಗೆ ಸಾಲುಸಾಲಾಗಿ, ಮೀಸೆ ಕುಣಿಸುತ್ತ, ಕೆರೆಯ ದಾರಿ ಹಿಡಿದು! ಹಿಂದೆ ಕೆಸರಲ್ಲಿ ಜಾರುತ್ತ ಬೀಳುತ್ತ ಸಿಂಗಾರಪ್ಪ. ತಡೆಯಲು ಹೋಗಿ ಮೀನಿನ ಮುಳ್ಳು ಚುಚ್ಚಿಸಿಕೊಂಡು ಅವನ ಮೂಗು ಬದನೆಕಾಯಿಯಾಗಿತ್ತು.

"ನಿಲ್ಲಿ! ನನ್ನ ಮೀನುಗಳೇ, ನಿಲ್ಲಿ! ಮರಿಯಿಂದ ಸಾಕಿದ್ದೀನಿ! ಅಲ್ಲಿ ಗಾಳ ಹಾಕ್ತಾರೆ!"

ಮುಂದಿದ್ದ ಮೀನು ತಿರುಗಿ ನೋಡಿತು. "ಕೆರೆಯಲ್ಲಿ ಗಾಳ ಇದ್ದರೆ ತಪ್ಪಿಸಿಕೊಳ್ಳೋಕೆ ಜಾಗನೂ ಇದೆ. ನಿನ್ನ ಗುಂಡಿಯಲ್ಲಿ ಮೀಸೆ ಚಾಚೋಕೂ ಜಾಗ ಇಲ್ಲವಲ್ಲಪ್ಪ!" ಎಂದು ಪುಳಕ್ಕನೆ ಕೆರೆಗೆ ಹಾರಿತು. ಹಿಂದೆಯೇ ಉಳಿದವೂ ಪುಳಕ್, ಪುಳಕ್, ಪುಳಕ್!

ದುಂಡಣ್ಣ ಎದ್ದು ನಿಂತ. "ನಿನ್ನ ಮೀನಾ? ನಾವಿಬ್ಬರೂ ಕೆರೆಗೆ ಅಂತ ತಂದ ಮೀನು ನಿನ್ನದು ಹೇಗಾಯ್ತು ಸಿಂಗಾರಪ್ಪ?"

ಸಿಂಗಾರಪ್ಪ ಬಾಯಿ ತೆರೆದ. "ಮ್ಯಾಂವ್" ಬಿಟ್ಟು ಬೇರೇನೂ ಹೊರಡಲಿಲ್ಲ.

ಕರಡಿ ಕೈ ಎತ್ತಿದ. ಬೋರಕ್ಕ ತಡೆದಳು. "ಹೊಡೀಬೇಡ ದುಂಡಣ್ಣ. ಇಷ್ಟು ಚೆನ್ನಾಗಿ ನಾನೂ ಸಾಕ್ತಿರಲಿಲ್ಲ. ಇನ್ನು ಮೇಲೆ ಮೀನಿಗೆ ಮೇವು ಹಾಕೋ ಕೆಲಸ ಇವನದೇ. ಆದರೆ ಈ ಕೆರೆಯಲ್ಲಿ, ಎಲ್ಲರ ಕಣ್ಣೆದುರಿಗೆ."

ಅವಳ ಮಾತು ಕೇಳಲು ಮರಿಗಳು ಅಲ್ಲಿರಲೇ ಇಲ್ಲ. ಆಗಲೇ ನೀರಿಗೆ ಬಿದ್ದು ಮೀನಿನ ಹಿಂದೆ ಓಡುತ್ತಿದ್ದವು.

ನೀತಿ: ಎಲ್ಲರಿಗೂ ಸೇರಿದ್ದನ್ನು ಒಬ್ಬನೇ ಬಚ್ಚಿಟ್ಟುಕೊಂಡವನಿಗೆ ಅದನ್ನು ಕಾಯುವ ಕಷ್ಟ ಸಿಗುತ್ತದೆ, ಅನುಭವಿಸುವ ಸುಖ ಸಿಗುವುದಿಲ್ಲ.