ಕೊನೆಯ ಕೋಣೆಯ ಗಾಳಿಕಿಂಡಿ

ಕಚೇರಿಯೊಂದರಲ್ಲಿ ಚಳಿಗೆ ಬಿಸಿಗಾಳಿ, ಬೇಸಿಗೆಗೆ ತಂಪುಗಾಳಿ, ಎಲ್ಲ ಕೋಣೆಗಳಿಗೂ ಒಂದೇ ಕೊಳವೆಯಿಂದ ಬರುತ್ತಿತ್ತು. ಕೊನೆಯ ಕೋಣೆಯಲ್ಲಿ ತಾರಿಣಿ ಒಬ್ಬಳೇ ಕೂತು ಕರಡು ತಿದ್ದುತ್ತಿದ್ದಳು. ಗಾಳಿ ಬಂತೇ ಎಂದು ತಿಳಿಯಲು ಗಾಳಿಕಿಂಡಿಗೆ ಕಾಗದದ ಪಟ್ಟಿ ಕಟ್ಟಿದ್ದಳು. ಅದು ಅಲುಗುತ್ತಲೇ ಇರಲಿಲ್ಲ.

"ಅಕ್ಕಂದಿರೇ, ನಿಮ್ಮ ಕೋಣೆಯವರು ಬೇಸಿಗೆಯಲ್ಲೂ ಸ್ವೆಟರ್ ಹಾಕಿದ್ದಾರೆ. ಸ್ವಲ್ಪ ಬಾಯಿ ಮುಚ್ಚಿ, ಗಾಳಿ ಇತ್ತಲೂ ಬರಲಿ; ನನ್ನವಳು ಸೆಕೆಯಲ್ಲಿ ಬೇಯುತ್ತಿದ್ದಾಳೆ," ಎಂದಿತು ಅಲ್ಲಿನ ಕಿಂಡಿ.

ಮುಂಭಾಗದ ಕೋಣೆಗಳ ಕಿಂಡಿಗಳು ನಕ್ಕವು. "ಒಬ್ಬಳಿಗೋಸ್ಕರ ನಾವೆಲ್ಲ ಬಾಯಿ ಮುಚ್ಚಬೇಕೇನೇ? ಅವಳು ದೂರು ಕೊಟ್ಟಿದ್ದಾಳೋ?"

"ಅವಳು ದೂರುವವಳಲ್ಲ."

"ಹಾಗಾದರೆ ಸೆಕೆಯೂ ಇಲ್ಲ, ಬಿಡು."

ಶನಿವಾರ ತಾರಿಣಿ ಕೆಲಸ ಬಿಟ್ಟು ಹೋದಳು. ಸೋಮವಾರ ಮುಂಭಾಗದ ಕೋಣೆಗಳವರು ಚಳಿ ತಾಳಲಾರದೆ ತಮ್ಮ ಕಿಂಡಿಗಳಿಗೆ ರಟ್ಟು ಅಂಟಿಸಿದರು. ಗಾಳಿಯೆಲ್ಲ ಕೊನೆಯ ಕೋಣೆಗೆ ನುಗ್ಗಿತು. ಕಾಗದದ ಪಟ್ಟಿ ದಿನವಿಡೀ ಖಾಲಿ ಕುರ್ಚಿಯತ್ತ ಕೈಬೀಸುತ್ತಿತ್ತು.