ಬುಡದಾಳು

“ಗುರುಗಳೇ, ನಾಳೆ ಗೆಲ್ಲುವುದಕ್ಕಾಗಿ ಇವತ್ತು ಬೇಕೆಂದೇ ಸೋತರೆ ತಪ್ಪೇ?”

ಕೇಳಿದವನು ರೇವಣಸಿದ್ಧ. ಪಟ್ಟಣದ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಮೇಲ್ವಿಚಾರಕ. ಆಟವನ್ನೇ ಕಸುಬು ಮಾಡಿಕೊಂಡವರ ತಂಡ ಅದು. ಎರಡು ವರ್ಷದಲ್ಲಿ ಮೂವರು ತರಬೇತುದಾರರು ಬಂದು ಹೋಗಿದ್ದರು. ಸೋಲು ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಅವರ ಪಂದ್ಯಾವಳಿಯಲ್ಲಿ ಒಂದು ನಿಯಮವಿತ್ತು. ಕಟ್ಟಕಡೆಗೆ ನಿಂತ ತಂಡಕ್ಕೆ ಮುಂದಿನ ವರ್ಷದ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ಈ ಸಲದ ಹೊಸಬರಲ್ಲಿ ಏಳಡಿ ಎತ್ತರದವನೊಬ್ಬನಿದ್ದ. ಅವನು ಸಿಕ್ಕರೆ ತಂಡದ ಹಣೆಬರಹವೇ ಬದಲಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಉಳಿದ ಪಂದ್ಯಗಳನ್ನೆಲ್ಲ ಸೋತುಬಿಡೋಣ ಎಂದು ಮಾಲೀಕರಲ್ಲಿ ಅರ್ಧ ಜನ. ಅದು ಆಟವೇ ಅಲ್ಲ ಎಂದು ಉಳಿದರ್ಧ. ಕೊನೆಗೆ ತೀರ್ಮಾನವನ್ನು ರೇವಣಸಿದ್ಧನ ತಲೆಗೆ ಕಟ್ಟಿ ಎಲ್ಲರೂ ಕೈತೊಳೆದುಕೊಂಡಿದ್ದರು. ಅವನು ಬಸ್ಸು ಹತ್ತಿ ಮಠಕ್ಕೆ ಬಂದಿದ್ದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಕಾಲುವೆಯ ಉದ್ದಕ್ಕೂ ಏಳು ಊರುಗಳಿದ್ದವು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಏಳೂ ಊರಿನವರು ಹಗ್ಗ ಜಗ್ಗಾಟ ಆಡುತ್ತಿದ್ದರು. ಪ್ರತಿ ಊರೂ ಉಳಿದ ಆರು ಊರುಗಳ ಎದುರು ಒಂದೊಂದು ಸಲ ಹಗ್ಗ ಹಿಡಿಯಬೇಕು. ಹೆಚ್ಚು ಗೆದ್ದ ಊರಿಗೆ ಆ ವರ್ಷ ಕಾಲುವೆಯ ಮೊದಲ ನೀರು. ಹಾಗಾಗಿ ಅದು ಹೆಸರಿಗೆ ಮಾತ್ರ ಆಟ.

ಗಟ್ಟಿ ಊರು ಗಟ್ಟಿಯಾಗುತ್ತಲೇ ಹೋಗಬಾರದು ಎಂದು ನಾಡಗೌಡ ಒಂದು ಕಟ್ಟಳೆ ಮಾಡಿದ್ದ. ಏಳೂ ಊರಿಗೆ ಸೇರಿ ಒಂದೇ ಗರಡಿ ಮನೆ. ಅಲ್ಲಿ ಪಳಗಿ ಹೊರಬಂದ ಪೈಲ್ವಾನರಲ್ಲಿ ಒಬ್ಬನನ್ನು, ಎಲ್ಲರಿಗಿಂತ ಮೊದಲು, ಕಟ್ಟಕಡೆಯ ಊರು ಆರಿಸಿಕೊಳ್ಳಬಹುದು. ಆರಿಸಿದ ಊರು ಅವನಿಗೆ ಮನೆ ಕಟ್ಟಿಕೊಟ್ಟು ತನ್ನವನನ್ನಾಗಿ ಮಾಡಿಕೊಳ್ಳುತ್ತಿತ್ತು.

ಆಟಕ್ಕೆ ಒಂಬತ್ತು ಆಳು. ಎಲ್ಲರಿಗಿಂತ ಮುಂದೆ ನಿಲ್ಲುವವನು ಮುಂದಾಳು. ‘ಐಸಾ’ ಎಂದು ಕೂಗು ಹಾಕುವವನು ಅವನು. ಆ ಕೂಗಿಗೆ ಸರಿಯಾಗಿ ಎಲ್ಲರೂ ಎಳೆಯಬೇಕು. ಎಲ್ಲರಿಗಿಂತ ಹಿಂದೆ ನಿಲ್ಲುವವನು ಬುಡದಾಳು. ಹಗ್ಗದ ತುದಿಯನ್ನು ಅವನ ಸೊಂಟಕ್ಕೆ ಬಿಗಿದು ಕಟ್ಟುತ್ತಿದ್ದರು. ಬೇರೆಯವರು ಬೇಕಾದರೆ ಕೈ ಬಿಡಬಹುದು. ಬುಡದಾಳು ಬಿಡುವ ಹಾಗಿಲ್ಲ.

ಏಳು ಊರುಗಳಲ್ಲಿ ಒಂದು ಊರಿನ ಪಾಡು ವಿಚಿತ್ರವಾಗಿತ್ತು. ವರ್ಷ ವರ್ಷವೂ ಅವರದು ಐದನೆಯ ಸ್ಥಾನ, ಇಲ್ಲವೇ ಆರನೆಯದು. ಗೆಲ್ಲುವಷ್ಟು ಗಟ್ಟಿಗರೂ ಅಲ್ಲ, ಕಟ್ಟಕಡೆಗೆ ಬೀಳುವಷ್ಟು ಕೈಲಾಗದವರೂ ಅಲ್ಲ. ಮೊದಲ ನೀರೂ ಇಲ್ಲ, ಮೊದಲ ಆಯ್ಕೆಯೂ ಇಲ್ಲ. ಆ ಊರಿನ ಮುಂದಾಳು ಒಬ್ಬ ಗಾಣಿಗ. ಬುಡದಾಳು ಒಬ್ಬ ಮಡಿವಾಳ. ಒದ್ದೆ ಕಂಬಳಿಯನ್ನು ಹಿಂಡಿ ಹಿಂಡಿ ಅವನ ಮುಂಗೈ ಕಬ್ಬಿಣವಾಗಿತ್ತು.

ಗಾಣಿಗ ಕೆಟ್ಟವನಲ್ಲ. ಊರಿನ ಮೇಲೆ ಅವನಿಗೆ ನಿಜವಾದ ಪ್ರೀತಿಯಿತ್ತು. ಬೇಸಿಗೆಯಲ್ಲಿ ತನ್ನ ಊರಿನ ಗದ್ದೆಗಳು ನೀರಿಗಾಗಿ ಬಾಯಿಬಿಡುವುದನ್ನು ನೋಡಿ ಸಂಕಟಪಡುತ್ತಿದ್ದ. ಕೆಟ್ಟವನಾಗಿದ್ದರೆ ಈ ಕತೆಯನ್ನು ಹೇಳುವ ಅಗತ್ಯವೇ ಇರಲಿಲ್ಲ.

ಆ ವರ್ಷ ಗರಡಿಯಿಂದ ಒಬ್ಬ ಪೈಲ್ವಾನ ಹೊರಬರುವವನಿದ್ದ. ಕೆಸರಲ್ಲಿ ಹೂತ ಬಂಡಿಯನ್ನು ಒಬ್ಬನೇ ಎಳೆದು ದಡಕ್ಕೆ ಹಾಕಿದವನು. ಏಳೂ ಊರಿನ ಕಣ್ಣು ಅವನ ಮೇಲೆ. ಗಾಣಿಗನ ಊರು ಮೊದಲೆರಡು ಆಟಗಳನ್ನು ಎಂದಿನ ಹಾಗೆ ಎಳೆದು, ಎಂದಿನ ಹಾಗೆ ಸೋತಿತು. ಗಾಣಿಗ ಅರಳಿಕಟ್ಟೆಯ ಮೇಲೆ ಕುಳಿತು ಯೋಚಿಸಿದ. ಹೇಗೂ ಗೆಲ್ಲುವುದಿಲ್ಲ. ಉಳಿದ ನಾಲ್ಕನ್ನೂ ಸೋತರೆ ಪೈಲ್ವಾನ ನಮ್ಮವನು. ಬರುವ ವರ್ಷ ಮೊದಲ ನೀರು ನಮ್ಮದು. ಒಂದು ವರ್ಷದ ಅವಮಾನ ತಾನೇ, ನುಂಗಿಕೊಂಡರಾಯಿತು.

ಅವನು ನಡುವಿನ ಏಳು ಆಳುಗಳನ್ನು ಕರೆದು ಹೇಳಿದ. ಮೊದಲ ಎರಡು ಕೂಗಿಗೆ ಸರಿಯಾಗಿ ಎಳೆಯಿರಿ. ಮೂರನೆಯ ಕೂಗಿಗೆ ಹಿಡಿತ ಸಡಿಲಿಸಿ. ಹಲ್ಲು ಕಚ್ಚಿಕೊಂಡ ಮುಖ ಹಾಗೇ ಇರಲಿ.

ಏಳೂ ಮಂದಿ ಒಪ್ಪಿದರು. ಒಬ್ಬ ಕೇಳಿದ, “ಬುಡದಾಳಿಗೆ ಹೇಳೋದು ಬೇಡವಾ?”

“ಬೇಡ” ಎಂದ ಗಾಣಿಗ. “ಒಂಬತ್ತೂ ಜನ ಸಡಿಲ ಬಿಟ್ಟರೆ ನಾಡಗೌಡನ ಕಣ್ಣಿಗೆ ಬೀಳುತ್ತೆ. ಒಬ್ಬನಾದರೂ ನಿಜವಾಗಿ ಎಳೀಬೇಕು.”

ಹೀಗೆ ಮೂರನೆಯ ಆಟ ಹೋಯಿತು. ನಾಲ್ಕನೆಯದು ಹೋಯಿತು. ಐದನೆಯದೂ ಹೋಯಿತು. ಮೂರನೆಯ ಕೂಗಿಗೆ ಗಾಣಿಗ ಗೆರೆಯಾಚೆ ನಾಲ್ಕು ಹೆಜ್ಜೆ ಮುಗ್ಗರಿಸುತ್ತಿದ್ದ, ಅಷ್ಟೇ. ಸೋತವನ ಮುಖ ಮಾಡಿಕೊಂಡು ಧೂಳು ಕೊಡವಿ ಮನೆಗೆ ಬರುತ್ತಿದ್ದ. ಮುಂದಾಳಿನ ಮುಖ ಎದುರಾಳಿಯ ಕಡೆಗಿರುತ್ತದೆ. ತನ್ನ ಬೆನ್ನ ಹಿಂದೆ ಏನಾಗುತ್ತಿದೆ ಎಂದು ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಐದನೆಯ ಆಟದ ಮರುದಿನ ಬೆಳಿಗ್ಗೆ ಮಡಿವಾಳ ಗಾಣದ ಹತ್ತಿರ ಬಂದ. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಕುಂಟುತ್ತಿದ್ದ. ಗಾಣಿಗ ಎತ್ತನ್ನು ನಿಲ್ಲಿಸಿದ. ವಿಷಯ ತಿಳಿದೇ ಬಂದಿದ್ದಾನೆ, ಇವತ್ತು ನನ್ನ ಮಾನ ಹೋಯಿತು ಎಂದುಕೊಂಡ.

ಮಡಿವಾಳ ಹೇಳಿದ, “ಯಜಮಾನ್ರೇ, ತಪ್ಪು ನಂದೇ. ಕಾಲು ನಿಲ್ತಾ ಇಲ್ಲ. ಎರಡು ಕೂಗಿಗೆ ತಡೀತೀನಿ, ಮೂರನೇದಕ್ಕೆ ಯಾಕೋ ಕಿತ್ತುಕೊಂಡು ಹೋಗ್ತೀನಿ. ದಿನಾ ಬೆಳಿಗ್ಗೆ ಒಗೆಯೋ ಕಲ್ಲಿಗೆ ಹಗ್ಗ ಕಟ್ಟಿ ದಡಕ್ಕೆ ಎಳೀತಿದ್ದೀನಿ. ಆದರೂ ಆಗ್ತಿಲ್ಲ. ವಯಸ್ಸಾಯ್ತೇನೋ.”

ಗಾಣಿಗ ಅವನಿಗೆ ಕೂರಲು ಮಣೆ ಸರಿಸಿದ. ಮಡಿವಾಳ ಕೂರಲಿಲ್ಲ.

“ಐದು ಆಟ ನನ್ನಿಂದ ಹೋಯ್ತು. ನೀವು ಒಂದು ದಿನ ಬೈಯಲಿಲ್ಲ. ತೆಗೆದು ಹಾಕ್ತೀನಿ ಅನ್ನಲಿಲ್ಲ. ಬೇರೆ ಮುಂದಾಳಾಗಿದ್ರೆ ಎರಡನೇ ಆಟಕ್ಕೇ ಮನೆಗೆ ಕಳಿಸ್ತಿದ್ದ. ಈ ಉಪಕಾರ ನಾನು ಸಾಯೋವರೆಗೆ ಮರೆಯಲ್ಲ.” ಹೀಗೆಂದು ಗಂಟು ಬಿಚ್ಚಿದ. ಒಂಬತ್ತೂ ಜನರ ರುಮಾಲುಗಳನ್ನು ಒಗೆದು, ಗಂಜಿ ಹಾಕಿ, ಮಡಿಸಿ ತಂದಿದ್ದ. “ನನ್ನ ಕೈಲಾದದ್ದು ಇಷ್ಟು. ಒಂದು ಹಿಡಿ ಎಳ್ಳಿನ ಹಿಂಡಿ ಇದ್ದರೆ ಕೊಡಿ, ಮಂಡಿಗೆ ಬಿಸಿ ಮಾಡಿ ಕಟ್ಟಿಕೊಳ್ತೀನಿ.”

ಅವನು ಪಂಚೆಯನ್ನು ಮಂಡಿಯ ಮೇಲಕ್ಕೆ ಸರಿಸಿದ. ಗಾಣಿಗ ಆ ಮಂಡಿಗಳನ್ನು ನೋಡಿದ್ದು ಅದೇ ಮೊದಲು. ಮೂರು ಆಟ ಜಲ್ಲಿ ನೆಲದ ಮೇಲೆ ಎಳೆಸಿಕೊಂಡ ಮಂಡಿಗಳು. ಚರ್ಮ ಇರಲಿಲ್ಲ. ಒಂದು ಆಟದ ಗಾಯ ಮಾಯುವ ಮೊದಲೇ ಇನ್ನೊಂದು ಆಟದ ಗಾಯ.

ಒಂದು ವರ್ಷದ ಅವಮಾನವನ್ನು ತಾನು ನುಂಗುತ್ತಿದ್ದೇನೆ ಎಂದು ಗಾಣಿಗ ಅಂದುಕೊಂಡಿದ್ದ. ನುಂಗುತ್ತಿದ್ದವನು ಅವನಲ್ಲ. ಹಿಂಡಿಯ ಜೊತೆಗೆ ಒಂದು ಗಿಂಡಿ ಎಣ್ಣೆ ಕೊಟ್ಟು ಕಳಿಸಿದ. ನಿಜ ಹೇಳುವ ಧೈರ್ಯ ಆ ದಿನ ಬರಲಿಲ್ಲ. ಮಡಿವಾಳ ಎಣ್ಣೆಗೂ ಕೈಮುಗಿದು ಹೋದ.

ಆರನೆಯ ಆಟದ ದಿನ ಗಾಣಿಗ ಏಳು ಮಂದಿಯನ್ನು ಕರೆದು, ಇವತ್ತು ಯಾರೂ ಹಿಡಿತ ಬಿಡಕೂಡದು ಎಂದ. ಅವರು ಮುಖ ಮುಖ ನೋಡಿಕೊಂಡರು. ಪೈಲ್ವಾನ ಕೈಗೆ ಸಿಗುವ ಹೊತ್ತಿಗೆ ಇವನಿಗೇನಾಯಿತು ಎಂದು ಗೊಣಗಿದರು. ಗಾಣಿಗ ಮಡಿವಾಳನ ಹತ್ತಿರ ಹೋಗಿ, “ಇವತ್ತು ನೀನು ಮುಂದೆ ನಿಂತು ಕೂಗು ಹಾಕು. ಬುಡದಲ್ಲಿ ನಾನಿರ್ತೀನಿ” ಎಂದ. ಹಗ್ಗದ ತುದಿಯನ್ನು ತನ್ನ ಸೊಂಟಕ್ಕೆ ತಾನೇ ಕಟ್ಟಿಕೊಂಡ.

ಬುಡದಲ್ಲಿ ನಿಂತಾಗ ಅವನಿಗೆ ಎಂಟು ಬೆನ್ನುಗಳು ಕಂಡವು. ಇಷ್ಟು ವರ್ಷ ತನ್ನ ಹಿಂದೆ ನಿಂತವರನ್ನು ಅವನು ನೋಡಿದ್ದು ಅಂದೇ.

ಮಡಿವಾಳ ಗಂಟಲು ಹರಿಯುವ ಹಾಗೆ ಕೂಗಿದ. ಒಂದನೆಯ ಕೂಗಿಗೆ ಎಲ್ಲರೂ ಎಳೆದರು. ಎರಡನೆಯದಕ್ಕೂ ಎಳೆದರು. ಮೂರನೆಯ ಕೂಗಿಗೆ ಏಳು ಜೊತೆ ಕೈಗಳು ತಾವಾಗಿಯೇ ಸಡಿಲವಾದವು. ಕೆಲವರು ಬೇಕೆಂದೇ ಬಿಟ್ಟಿರಬಹುದು. ಉಳಿದವರ ಕೈ ಮೂರು ಆಟದಲ್ಲಿ ಕಲಿತದ್ದನ್ನು ಮಾಡಿತು. ಗಾಣಿಗ ಬೋರಲು ಬಿದ್ದ. ಗೆರೆಯವರೆಗೂ ಹೊಟ್ಟೆಯ ಮೇಲೆ ಹೋದ. ಆಯುಷ್ಯವಿಡೀ ಎತ್ತಿನ ಕೈಲಿ ಗಾಣ ಎಳೆಸಿದವನಿಗೆ ಎಳೆಸಿಕೊಳ್ಳುವುದು ಹೇಗಿರುತ್ತದೆ ಎಂದು ಆ ದಿನ ತಿಳಿಯಿತು.

ಅವನು ಎದ್ದು ಕೂರುವಷ್ಟರಲ್ಲಿ ಮಡಿವಾಳ ಓಡಿಬಂದ. “ಕೂಗು ನಾನು ಸರಿಯಾಗಿ ಹಾಕಲಿಲ್ಲ ಯಜಮಾನ್ರೇ, ನನ್ನಿಂದ ನಿಮಗೆ ಪೆಟ್ಟಾಯ್ತು” ಎಂದು ಗಾಯದ ಮಣ್ಣು ಒರೆಸಿದ.

ಆರೂ ಸೋತಾಯಿತು. ಊರು ಕಟ್ಟಕಡೆಗೆ ಬಿತ್ತು. ಮರುವಾರ ಗರಡಿಯ ಅಂಗಳದಲ್ಲಿ ಏಳೂ ಊರು ಸೇರಿತು. ಪೈಲ್ವಾನರು ಸಾಲಾಗಿ ನಿಂತಿದ್ದರು. ಬಂಡಿ ಎಳೆದವನು ಎಲ್ಲರಿಗಿಂತ ಒಂದು ಗೇಣು ಎತ್ತರ. ಗಾಣಿಗನ ಊರಿನವರು ಅವನಿಗೆಂದು ಹಾರ ತಂದಿದ್ದರು. ನಾಡಗೌಡ ಗಾಣಿಗನನ್ನು ಕರೆದು, “ಮೊದಲ ಆಯ್ಕೆ ನಿಮ್ಮದು. ಯಾರು ಬೇಕು?” ಎಂದ.

ಒಂದು ಹೆಸರು ಹೇಳಿದರೆ ಸಾಕಿತ್ತು. ಬರುವ ವರ್ಷದ ನೀರು, ಊರಿನ ಮೆಚ್ಚುಗೆ, ಎಲ್ಲವೂ ಆ ಹೆಸರಿನಲ್ಲಿತ್ತು. ಗಾಣಿಗ ಗುಂಪಿನಲ್ಲಿ ಮಡಿವಾಳನನ್ನು ಹುಡುಕಿದ. ಅವನು ಹಿಂದೆ, ಯಾರಿಗೂ ಅಡ್ಡವಾಗದ ಹಾಗೆ, ತಲೆ ತಗ್ಗಿಸಿ ನಿಂತಿದ್ದ. ಊರನ್ನು ಕಟ್ಟಕಡೆಗೆ ತಳ್ಳಿದವನು ತಾನೇ ಎಂಬ ನಾಚಿಕೆ ಅವನಿಗೆ.

“ಆಯ್ಕೆ ನಮ್ಮದಲ್ಲ ಗೌಡ್ರೇ” ಎಂದ ಗಾಣಿಗ. “ನಾವು ಸೋಲಲಿಲ್ಲ. ಬೇಕಂತಲೇ ಕೈ ಬಿಟ್ವಿ. ಮೂರು ಆಟ ನಾನೇ ಬಿಡಿಸಿದೆ. ನಾಲ್ಕನೇದು ಅಭ್ಯಾಸಬಲ. ನಿಜವಾಗಿ ಎಳೆದವನು ನಮ್ಮ ಬುಡದಾಳು ಒಬ್ಬನೇ. ಅವನಿಗೆ ಇದು ಗೊತ್ತಿರಲಿಲ್ಲ.”

ಅಂಗಳದಲ್ಲಿ ಗದ್ದಲವೆದ್ದಿತು. ತನ್ನ ಊರಿನವರೇ ಗಾಣಿಗನನ್ನು ಬಾಯಿಗೆ ಬಂದ ಹಾಗೆ ಬೈದರು. ಗಾಣಿಗನಿಗೆ ಅದಾವುದೂ ಕೇಳಿಸಲಿಲ್ಲ. ಜನ ದಾರಿ ಬಿಟ್ಟರು, ಮಡಿವಾಳ ಮುಂದೆ ಬಂದ. ಹೊಡೆಯಲಿ ಎಂದು ಗಾಣಿಗ ಕಾದು ನಿಂತ. ಹೊಡೆದರೆ ಹಗುರವಾಗುತ್ತಿತ್ತು.

ಮಡಿವಾಳ ಅವನ ಮುಖ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, “ಹಾಗಾದ್ರೆ ನನ್ನ ಕಾಲಿಗೆ ಏನೂ ಆಗಿಲ್ವಾ?”

“ಇಲ್ಲಪ್ಪ” ಎಂದ ಗಾಣಿಗ. “ನಿನ್ನ ಕಾಲು ಸರಿಯಾಗೇ ಇತ್ತು.”

ಮಡಿವಾಳ ಬಗ್ಗಿ ತನ್ನ ಎರಡೂ ಮಂಡಿಗಳನ್ನು ಮುಟ್ಟಿ ನೋಡಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ದುಃಖದ ನೀರಲ್ಲ ಅದು. ಕಳೆದುಹೋಯಿತೆಂದುಕೊಂಡಿದ್ದ ಕಾಲುಗಳು ಅವನಿಗೆ ಮರಳಿ ಸಿಕ್ಕಿದ್ದವು. ಅವನು ಆಕಾಶ ನೋಡಿ ಕೈಮುಗಿದ. ಅಂಗಳದಲ್ಲಿ ಬೈಯುತ್ತಿದ್ದವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಏಳು ಆಳುಗಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಗಾಣಿಗ ಅಷ್ಟು ಜನರೆದುರು ಬಾಗಿ ಆ ಮಂಡಿಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಮೊದಲ ಆಯ್ಕೆ ಆರನೆಯ ಸ್ಥಾನದಲ್ಲಿದ್ದ ಊರಿಗೆ ಹೋಯಿತು. ಬಂಡಿ ಎಳೆದವನು ಆ ಊರಿನವನಾದ. ಒಂದು ತಿಂಗಳು ಊರಿನವರು ಗಾಣಿಗನ ಮನೆಯ ಎಣ್ಣೆ ಮುಟ್ಟಲಿಲ್ಲ. ಮಡಿವಾಳನ ಮನೆಯ ದೀಪಕ್ಕೆ ಮಾತ್ರ ಅದೇ ಎಣ್ಣೆ.

ಮರುವರ್ಷ ಗಾಣಿಗ ಬುಡದ ಜಾಗ ತನಗಿರಲಿ ಎಂದು ಕೇಳಿದ. ಮಡಿವಾಳ ಬಿಟ್ಟುಕೊಡಲಿಲ್ಲ. ಅದು ನನ್ನ ಜಾಗ ಎಂದ. ಆಗ ಗಾಣಿಗ ಕೂಗು ಹಾಕುವ ಕೆಲಸವನ್ನು ಬೇರೊಬ್ಬನಿಗೆ ಕೊಟ್ಟು, ಬುಡದಾಳಿನ ಮುಂದಿನ ಜಾಗದಲ್ಲಿ ನಿಂತ. ಹಿಂದಿನವನ ಉಸಿರು ಕಿವಿಗೆ ಕೇಳುವ ಜಾಗ ಅದು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ರೇವಣಸಿದ್ಧ ಇನ್ನೂ ಇದೆಯೆಂದು ಕಾದ. ಕೊನೆಗೆ ತಡೆಯಲಾರದೆ ಕೇಳಿದ, “ಆ ವರ್ಷ ಅವರು ಗೆದ್ದರೇ?”

“ಮೂರು ಗೆದ್ದರು, ಮೂರು ಸೋತರು. ಅದಿರಲಿ, ನಿನ್ನ ತಂಡದಲ್ಲಿ ಇಷ್ಟು ಸೋಲಿನ ನಡುವೆಯೂ ನಿಜವಾಗಿ ಆಡುತ್ತಿರುವವನಿಗೆ ಒಮ್ಮೆ ಕೈಮುಗಿದು ಬಂದಿದ್ದೀಯಾ?”

ರೇವಣಸಿದ್ಧ ಎದ್ದು ನಮಸ್ಕರಿಸಿ, ಅವನನ್ನು ಕಾಣಲು ಪಟ್ಟಣದ ಬಸ್ಸು ಹತ್ತಿದ.